ಸ್ಟೆಪ್ನಿ ಲೈನು

ಮೊನ್ನೆ ನಂದಿನಿಯ ಮನೆಯಲ್ಲಿ ಕರೆಂಟು ಹೋಯಿತು. ನಂದಿನಿ ನನ್ನ ಅಕ್ಕನ ಮಗಳು. ಪರೇಲಿನಲ್ಲಿ, ಹಿಂದೆ ಬಟ್ಟೆಯ ಮಿಲ್ಲು ಇದ್ದ ಜಾಗದಲ್ಲಿ ಎದ್ದಿರುವ ಗಾಜಿನ ಬಿಲ್ಡಿಂಗಿನಲ್ಲಿ ಇದ್ದಾಳೆ. ಅವತ್ತು ಇಂಟರ್‌ನೆಟ್ಟಿನ ಎರಡನೆಯ ಲೈನು ಹಾಕಲು ಜನ ಬಂದಿದ್ದರು. “ಒಂದು ಇದೆಯಲ್ಲೇ, ಇನ್ನೊಂದು ಯಾಕೆ, ಉಪ್ಪಿನಕಾಯಿ ಹಾಕೋಕಾ?” ಎಂದು ಕೇಳಿದೆ. “ಮೇನ್ ಲೈನ್ ಹೋದ್ರೆ ಬ್ಯಾಕಪ್ ಬೇಕಲ್ಲ ಚಿಕ್ಕಮ್ಮ, ಮೀಟಿಂಗ್ ಬಂದ್ ಆಗ್ತದೆ” ಎಂದು ತನ್ನ ಅರ್ಧಂಬರ್ಧ ಕನ್ನಡದಲ್ಲಿ ಹೇಳಿ ಮೇಣದ ಬತ್ತಿ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಬತ್ತಿ ಊದಿ ಆರಿಸಿದಳು. ಕಾದ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಈ ವಯಸ್ಸಿನಲ್ಲೂ ನನ್ನ ಮೈ ಜುಮ್ಮೆಂದಿತು. ಬ್ಯಾಕಪ್ಪಿನ ವಿಷಯ ಇವಳಿಗೆ ನಾನು ಹೇಳಬೇಕು! ಇವಳು ಭೂಮಿಗೆ ಬಂದದ್ದೇ ಅಂಥದೊಂದು ಲೈನಿನ ದೆಸೆಯಿಂದ. ಆ ಲೈನಿನ ಆಚೆ ತುದಿಯಲ್ಲಿ ಯಾರಿದ್ದರು ಎನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ನಾವು ಮೈಸೂರಿನ ಕಡೆಯವರು, ಅಪ್ಪನ ನೌಕರಿಯ ಹಿಂದೆ ಬಂದು ವಿಲೆ ಪಾರ್ಲೆಯಲ್ಲಿ ನಿಂತವರು. ಅಪ್ಪ ತೀರಿಕೊಂಡ ಮೇಲೆ ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದ್ದೆ. ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ ಒಂದು ಕಿಷ್ಕಿಂಧೆ. ಅದರಲ್ಲಿ ನನ್ನ ಬೋರ್ಡು, ಒಂದು ಫ್ಯಾನು, ನಾನು. ಕಿವಿಗೆ ಹೆಡ್‌ಸೆಟ್ಟು ಹಾಕಿಕೊಂಡು, ಕರೆ ಬಂದ ತೂತಿಗೆ ಒಂದು ಪ್ಲಗ್ಗು, ಕೇಳಿದ ವಾರ್ಡಿನ ತೂತಿಗೆ ಇನ್ನೊಂದು ಪ್ಲಗ್ಗು ಚುಚ್ಚುವುದು ಕೆಲಸ. ಡಾಕ್ಟರುಗಳು ರೇಗಿದರೆ ನಾನೂ ರೇಗುತ್ತಿದ್ದೆ. ವತ್ಸಲಾ ಬಾಯಿಯ ನಾಲಿಗೆಗೆ ಇಡೀ ಆಸ್ಪತ್ರೆ ಹೆದರುತ್ತದೆ ಎಂದು ಹೆಸರಾಗಿತ್ತು. ಆಗಲಿ ಬಿಡಿ, ಅದರಿಂದ ಅನುಕೂಲವೇ ಆಯಿತು.

ಬೋರ್ಡಿನಲ್ಲಿ ಬ್ಲಡ್ ಬ್ಯಾಂಕಿಗೆ ಒಂದು ನೇರ ಲೈನಿತ್ತು. ಬ್ಲಡ್ ಬ್ಯಾಂಕು ಇದ್ದದ್ದು ಒಂದು ಮಿಲ್ಲಿನ ಆಚೆಗೆ, ಅದರ ಹಿಂದಿನ ಗೋಡೆಗೆ ತಾಗಿಕೊಂಡು. ಕಾಗೆ ಹಾರಿದರೆ ಹತ್ತಿರ, ರಸ್ತೆಯಲ್ಲಿ ಹೋದರೆ ಊರು ಸುತ್ತಬೇಕು. ಲೈನು ಆ ರಸ್ತೆಯ ಅಡಿಯಲ್ಲೇ ಬರುತ್ತಿತ್ತು. ಪರೇಲಿನ ರಸ್ತೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಕೇಬಲ್ಲಿಗೆ ನೀರು ಹೊಕ್ಕರೆ ಹೆಡ್‌ಸೆಟ್ಟಿನಲ್ಲಿ ಹಪ್ಪಳ ಕರಿದ ಸದ್ದು ಬರುತ್ತಿತ್ತು, ಆಮೇಲೆ ಏನೂ ಇಲ್ಲ.

ಹಿಂದಿನ ವರ್ಷದ ಮಳೆಯಲ್ಲಿ ನನ್ನ ಅಕ್ಕ ಸುಮಿತ್ರಾ ಚೊಚ್ಚಲ ಹೆರಿಗೆಗೆ ನಮ್ಮ ಆಸ್ಪತ್ರೆಗೇ ಬಂದಿದ್ದಳು. ಭಾವ ವಿಕ್ರೋಳಿಯಲ್ಲಿ ಕಂಪನಿಯ ಕೆಲಸದಲ್ಲಿದ್ದರು, ಅಲ್ಲೇ ಕ್ವಾರ್ಟರ್ಸು. ಹೆರಿಗೆಗೆ ಮುಂಚೆ ಅವಳಿಗೆ ರಕ್ತ ಹೋಗಲು ಶುರುವಾಯಿತು. ಅವಳದು ಸುಲಭಕ್ಕೆ ಸಿಗದ ಗುಂಪು. ನಾನು ಬ್ಲಡ್ ಬ್ಯಾಂಕಿಗೆ ಫೋನು ಮಾಡಿದರೆ ಹಪ್ಪಳದ ಸದ್ದು. ಆಳು ಕಳಿಸಿದರು, ಅವನು ಸೊಂಟದ ಮಟ್ಟದ ನೀರಿನಲ್ಲಿ ಹೋಗಿ ಬರುವಷ್ಟರಲ್ಲಿ ಮಗು ಹೋಗಿತ್ತು. ಅಕ್ಕ ಉಳಿದಳು. ಆ ಮಗುವನ್ನು ನಾನು ನೋಡಿದ್ದೇನೆ, ಹೆಣ್ಣು. ಮನೆಯಲ್ಲಿ ಅದರ ಮಾತನ್ನು ಯಾರೂ ಎತ್ತಲಿಲ್ಲ, ಅಕ್ಕನಂತೂ ಎತ್ತಲೇ ಇಲ್ಲ. ಒಳಗೊಳಗೇ ಬೆಂದುಹೋದಳು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಆಮೇಲೆ ಆಸ್ಪತ್ರೆಯವರು ಎಚ್ಚೆತ್ತರು. ನಡುವೆ ಇದ್ದ ಆ ಮಿಲ್ಲಿಗೂ ನಮಗೂ ಹಿಂದೆ ಒಬ್ಬರೇ ಧಣಿ. ಆ ಕಾಲದಲ್ಲಿ ಮಿಲ್ಲಿನ ಟೈಮ್ ಆಫೀಸಿನಿಂದ, ಎಂದರೆ ಕೆಲಸಗಾರರ ಹಾಜರಿ ಹಾಕುವ ಕೋಣೆಯಿಂದ, ಆಸ್ಪತ್ರೆಗೆ ಕಂಬಗಳ ಮೇಲೆ ಒಂದು ಕೇಬಲ್ಲು ಎಳೆದಿದ್ದರು. ಅದರೊಳಗೆ ಆರು ಜೋಡಿ ತಂತಿ. ಈಗ ಮಿಲ್ಲು ಮುಚ್ಚಿ, ವ್ಯಾಜ್ಯ ಕೋರ್ಟಿಗೆ ಹೋಗಿ, ಕೇಬಲ್ಲು ಸುಮ್ಮನೆ ತೂಗಾಡುತ್ತಿತ್ತು. ಅದರಲ್ಲಿ ಒಂದು ಜೋಡಿಯನ್ನು ಟೈಮ್ ಆಫೀಸಿನಿಂದ ಹಿಂದಿನ ಗೋಡೆ ದಾಟಿಸಿ ಬ್ಲಡ್ ಬ್ಯಾಂಕಿಗೆ ಮುಟ್ಟಿಸಿದರೆ, ಕೆಳಗೆ ಪ್ರಳಯವಾದರೂ ಮೇಲೆ ಮಾತು ನಡೆಯುತ್ತದೆ ಎಂದು ಲೆಕ್ಕ. ನಮ್ಮ ವೈರ್‌ಮನ್ ಸಾವಂತ, ಪರೇಲಿನ ಚಾಳಿನಲ್ಲೇ ಹುಟ್ಟಿ ಬೆಳೆದವನು, ಬೋರ್ಡಿನಲ್ಲಿ ಅದಕ್ಕೊಂದು ತೂತು ಕೊರೆದು ಕೆಂಪು ಬಣ್ಣ ಹಚ್ಚಿ, “ಬಾಯಿ, ಯೇ ಅಪನಾ ಸ್ಟೆಪ್ನಿ ಹೈ” ಎಂದ. ಟ್ಯಾಕ್ಸಿಯ ಹಿಂದೆ ಹೊತ್ತ ಹೆಚ್ಚಿನ ಗಾಲಿಗೆ ಮುಂಬಯಿಯಲ್ಲಿ ಸ್ಟೆಪ್ನಿ ಎನ್ನುತ್ತಾರೆ. ಲೈನಿಗೂ ಅದೇ ಹೆಸರು ನಿಂತಿತು.

ನನಗೆ ಅದು ಬರಿಯ ಲೈನಾಗಿರಲಿಲ್ಲ. ಅಕ್ಕ ಮತ್ತೆ ಬಸುರಿಯಾಗಿದ್ದಳು. ದಿನ ತುಂಬುವುದು ಶ್ರಾವಣದ ಹೊತ್ತಿಗೆ, ಸರಿಯಾಗಿ ಮಳೆಯ ನಡುವೆ. ಬ್ಲಡ್ ಬ್ಯಾಂಕಿನಲ್ಲಿ ಅವಳ ಹೆಸರಿನಲ್ಲಿ ಬಾಟಲಿ ಎತ್ತಿಡಲು ಒಪ್ಪಿದ್ದರು. “ಫೋನ್ ಬಂದ ಕೂಡಲೇ ಗೋಡೆ ಹಾರಿಸಿಯಾದರೂ ಕಳಿಸ್ತೇವೆ” ಎಂದಿದ್ದರು. ಫೋನು ಹೋಗಬೇಕಲ್ಲ!

ಜೋಡಿಸುವ ದಿನ ನಾನು ಅಲ್ಲೇ ಇದ್ದೆ. ಆಸ್ಪತ್ರೆಯ ವರಾಂಡದಲ್ಲಿ ಸ್ಟೋವಿನ ಮೇಲೆ ಮೇಣ ಕಾಯುತ್ತಿತ್ತು. ತಂತಿಯ ಗಂಟಿನ ಮೇಲೆ ಅದನ್ನು ಹೊಯ್ದರೆ ತೇವ ಹಾರಿಹೋಗುತ್ತದೆ. ಈ ತುದಿಯಲ್ಲಿ ಸಾವಂತ. ಆ ತುದಿಯಲ್ಲಿ, ಮಿಲ್ಲಿನೊಳಗೆ, ಯಲ್ಲಪ್ಪ ಎಂಬ ಗದಗಿನ ಕಡೆಯ ಕೆಲಸಗಾರ. ಇಬ್ಬರ ಕೈಯಲ್ಲೂ ಪರೀಕ್ಷೆಯ ಫೋನು. ಯಲ್ಲಪ್ಪ ಒಂದೊಂದೇ ಜೋಡಿಗೆ ಫೋನು ಹಚ್ಚಿ ಲೆಕ್ಕ ಕೂಗುವುದು, ಯಾವ ಜೋಡಿಯಲ್ಲಿ ದನಿ ಬರುತ್ತದೋ ಅದನ್ನು ಸಾವಂತ ಹುಡುಕಿ ಗುರುತು ಕಟ್ಟುವುದು. ಮೊದಲನೆಯ ಜೋಡಿಯೇ ಸ್ಟೆಪ್ನಿ ಎಂದು ಮಾತಾಗಿತ್ತು. ಚಾಳಿನ ನೆರೆಯವರಿಂದ ಕಲಿತ ಕನ್ನಡದ ಲೆಕ್ಕ ಸಾವಂತನಿಗೆ ಹತ್ತರವರೆಗೂ ಬರುತ್ತಿತ್ತು, ಅದರ ಜಂಬ ಬೇರೆ.

ಶುರುವಾದ ಕೂಡಲೇ ಸಾವಂತ ಫೋನಿನೊಳಗೆ ಅರಚಿದ: “ಲಾಂಬ್ ನಾಹೀ ರೇ, ಜವಳ್ ಯೇ! ಜವಳ್ ಯೇವೂನ್ ಬೋಲ್!” ಮರಾಠಿಯಲ್ಲಿ ಲಾಂಬ್ ಎಂದರೆ ದೂರ, ಜವಳ್ ಎಂದರೆ ಹತ್ತಿರ. ನನ್ನ ಕಡೆ ತಿರುಗಿ, “ಮೊದಲ ಜೋಡಿ ಲಾಂಬ್ ಲಾಂಬ್ ಅಂತಾನೆ ಬಾಯಿ, ದನಿ ದೂರ ಬರ್ತದಂತೆ. ಕಂಡಮ್ ತಂತಿ, ಕೆಲಸಕ್ಕೆ ಬಾರದ್ದು. ಎರಡನೆಯದೇ ಇರಲಿ” ಎಂದು ಹಿಂದಿಯಲ್ಲಿ ಹೇಳಿದ. ಅದನ್ನು ಆ ತುದಿಗೂ ಕೂಗಿದ. ಯಲ್ಲಪ್ಪನಿಗೆ ಕೇಳಿಸಿತೋ ಇಲ್ಲವೋ, ಅವನು ಆಗಲೇ ಮುಂದಿನ ಜೋಡಿಗೆ ಹೋಗಿ ಎಣಿಸುತ್ತಿದ್ದ. ಕೆಲಸ ಮುಗಿಯಿತು, ಮೇಣ ಹೊಯ್ದರು, ಯಲ್ಲಪ್ಪ ಬಿತ್ತನೆಗೆಂದು ಊರಿಗೆ ಹೋದ. ಬ್ಲಡ್ ಬ್ಯಾಂಕಿನ ತುದಿಗೆ ಹೊಸ ಫೋನು ಬಂದು ಕೂರುವ ಹೊತ್ತಿಗೆ ಮೊದಲ ಮಳೆ ಬಿದ್ದಿತ್ತು.

ದಿನಾ ಬೆಳಿಗ್ಗೆ ಡ್ಯೂಟಿಗೆ ಕೂತ ಕೂಡಲೇ ಸ್ಟೆಪ್ನಿಯನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಮೊದಲ ದಿನ ಕೆಂಪು ತೂತಿಗೆ ಪ್ಲಗ್ಗು ಚುಚ್ಚಿ ಬೆಲ್ಲು ಕೊಟ್ಟೆ. ಬೆಲ್ಲು ಹೋಗುತ್ತಿತ್ತು, ಯಾರೂ ಎತ್ತಲಿಲ್ಲ. ಹಳೆಯ ಲೈನಿನಲ್ಲಿ ಬ್ಲಡ್ ಬ್ಯಾಂಕಿಗೆ ಮಾಡಿ ಕೇಳಿದರೆ, “ನಮ್ಮ ಹೊಸ ಫೋನು ಬಾರಿಸಲೇ ಇಲ್ಲ” ಎಂದರು. ಸಾವಂತ ಬಂದು ನೋಡಿದ: “ಲೈನ್ ಓಕೆ ಹೈ, ಅವರ ಫೋನೇ ಖರಾಬ್.” ಫೋನು ಬದಲಿಸಿದರು. ಬಾರಿಸಲಿಲ್ಲ. ಮಿಲ್ಲಿನೊಳಗೆ ತಂತಿಗಳನ್ನು ಜೋಡಿಸಿದ ಪೆಟ್ಟಿಗೆ ತೆಗೆದು ನೋಡೋಣವೆಂದರೆ ಕೋರ್ಟಿನ ಅಪ್ಪಣೆ ಬೇಕು. ಯಲ್ಲಪ್ಪನ ಕೆಲಸಕ್ಕೆ ಕೊಟ್ಟದ್ದು ಒಂದೇ ಸಲದ ಅಪ್ಪಣೆ. ಅರ್ಜಿ ಹೋಯಿತು. ಅರ್ಜಿ ಹೋದದ್ದು ಹೋಯಿತು, ಅಷ್ಟೇ. ನಾನು ದೊಡ್ಡವರ ಬಾಗಿಲಿಗೆಲ್ಲ ಹೋಗಿ ಬಾಯಿ ಮಾಡಿ ಬಂದೆ.

ಇದಕ್ಕಿಂತ ಬೇರೆಯದೊಂದು ಆ ಲೈನಿನಲ್ಲಿತ್ತು. ಹೇಗೆ ಹೇಳಲಿ? ಬೆಲ್ಲು ಕೊಡುವುದನ್ನು ನಿಲ್ಲಿಸಿ ಸುಮ್ಮನೆ ಕಿವಿಗೊಟ್ಟರೆ ಯಾರೋ ಎಣಿಸುತ್ತಿದ್ದರು. ತೀರ ಸಣ್ಣಗೆ. ಗಂಡಸೋ ಹೆಂಗಸೋ ತಿಳಿಯದ ದನಿ. ಮೊದಲು ಉಸಿರು ಬಿಟ್ಟಂಥ ಒಂದು ಸದ್ದು, ಆಮೇಲೆ “ಎರಡು… ಮೂರು… ನಾಲ್ಕು… ಐದು… ಆರು.” ಅಲ್ಲಿಗೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಉಸಿರು, ಮತ್ತೆ “ಎರಡು…” ಒಂದು ಎನ್ನುವುದೇ ಇಲ್ಲ. ಕನ್ನಡದಲ್ಲಿ, ಸ್ಪಷ್ಟವಾಗಿ. “ಯಾರು? ಯಾರ್ರೀ ಅಲ್ಲಿ?” ಎಂದರೂ ಎಣಿಕೆ ತನ್ನ ಪಾಡಿಗೆ ನಡೆಯುತ್ತಿತ್ತು.

ಸಾವಂತನ ಕಿವಿಗೆ ಹೆಡ್‌ಸೆಟ್ಟು ಇಟ್ಟೆ. ಅವನಿಗೆ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಟೆಲಿಫೋನಿನವರೊಬ್ಬರನ್ನು ಕೇಳಿದ್ದಕ್ಕೆ, ಒದ್ದೆಯಾದ ತಂತಿ ಪಕ್ಕದ ತಂತಿಯ ಮಾತನ್ನು ಕದಿಯುತ್ತದೆ, ಎಲ್ಲೋ ಯಾರೋ ಕೆಲಸ ಮಾಡುತ್ತಿರಬೇಕು ಎಂದರು. ಇರಬಹುದು. ಆದರೆ ದಿನಾ ಅದೇ ಹೊತ್ತಿಗೆ, ಅದೇ ಲೆಕ್ಕವೇ? ಆಸ್ಪತ್ರೆಯ ಆಯಾಗಳು, ಮಿಲ್ಲಿನಲ್ಲಿ ಸತ್ತ ಕೂಲಿಯೊಬ್ಬ ಇನ್ನೂ ಬಟ್ಟೆಯ ಥಾನು ಎಣಿಸುತ್ತಿದ್ದಾನೆ ಎಂದು ಕಥೆ ಕಟ್ಟಿದರು. ದೆವ್ವ ಭೂತ ನಂಬುವವಳಲ್ಲ ನಾನು. ಹೌದು ಸ್ವಾಮಿ, ನಂಬುವವಳಲ್ಲ! ಆದರೂ ಕೆಂಪು ತೂತಿಗೆ ಪ್ಲಗ್ಗು ಚುಚ್ಚುವ ಮುಂಚೆ ಒಂದು ಸಲ ರಾಮ ರಾಮ ಎಂದುಕೊಳ್ಳುತ್ತಿದ್ದೆ.

ಅಮ್ಮನಿಗೆ ಹೇಳಿದೆ. “ಬಸುರಿಯ ಕಿವಿಗೆ ಇದು ಬೀಳಕೂಡದು, ನೋಡು” ಎಂದು ನನ್ನ ಬಾಯಿ ಕಟ್ಟಿದಳು. ಅಕ್ಕ ತಪಾಸಣೆಗೆ ಬಂದಾಗಲೆಲ್ಲ ನನ್ನ ಗೂಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. “ಸ್ಟೆಪ್ನಿ ಸರಿಹೋಯ್ತೇನೇ?” ಎಂದು ಕೇಳುತ್ತಿದ್ದಳು. “ಸರಿಹೋಗುತ್ತೆ ಬಿಡು, ನಿನಗೆ ಯಾಕೆ ಆ ಉಸಾಬರಿ” ಎನ್ನುತ್ತಿದ್ದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಆ ಕೆಂಪು ತೂತನ್ನೇ ನೋಡುತ್ತ ಕೂತಿರುತ್ತಿದ್ದಳು.

ಶ್ರಾವಣದವರೆಗೆ ಕಾಯಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಭಾವ ಅವಳನ್ನು ಟ್ಯಾಕ್ಸಿಯಲ್ಲಿ ಕರೆತಂದಾಗ ಸೀರೆಯೆಲ್ಲ ರಕ್ತ. ಹೊರಗೆ ಮಳೆ ಎಂದರೆ ಮಳೆ. ಹಗಲಲ್ಲೇ ವಾರ್ಡುಗಳಲ್ಲಿ ದೀಪ ಹಚ್ಚಿದ್ದರು. ಟ್ಯಾಕ್ಸಿ ಬಂದದ್ದೇ ಪುಣ್ಯ, ಅದರ ಹಿಂದೆಯೇ ರಸ್ತೆ ಮುಳುಗಿತು. ಮೇಲಿನಿಂದ ಡಾಕ್ಟರು, “ವತ್ಸಲಾ, ಬ್ಲಡ್ ಬ್ಯಾಂಕ್, ಬೇಗ!” ಎಂದರು. ಹಳೆಯ ಲೈನಿಗೆ ಚುಚ್ಚಿದೆ. ಹಪ್ಪಳದ ಸದ್ದು, ಆಮೇಲೆ ಸ್ಮಶಾನ. ಹೊರಗಿನ ಬೇರೆ ಎಲ್ಲ ಲೈನುಗಳೂ ಹೋಗಿದ್ದವು. ಹಿಂದಿನ ಸಲದಂತೆಯೇ ಆಳನ್ನು ಓಡಿಸಿದರು. ಸೊಂಟದ ಮಟ್ಟದ ನೀರಿನಲ್ಲಿ ಅವನು ಹೋಗುವುದನ್ನು ಕಿಟಕಿಯಿಂದ ನೋಡಿದೆ. ನೋಡಿದವಳಿಗೆ ಅಳು ಬರಲಿಲ್ಲ, ಕೋಪ ಬಂತು.

ಕೆಂಪು ತೂತಿಗೆ ಪ್ಲಗ್ಗು ಚುಚ್ಚಿದೆ. ಬೆಲ್ಲು ಕೊಟ್ಟೆ, ಕೊಟ್ಟೆ, ಕೊಟ್ಟೆ. ಯಾರೂ ಇಲ್ಲ. ಕೈ ಬಿಟ್ಟ ಕೂಡಲೇ ಆ ಉಸಿರು. “ಎರಡು… ಮೂರು…” ನನ್ನ ತಲೆ ಕೆಟ್ಟುಹೋಯಿತು. “ಏಯ್, ಎಣಿಸಿದ್ದು ಸಾಕು!” ಎಂದು ಕಿರುಚಿದೆ. “ಯಾರಾದರೂ ಆಗಿರು, ದೆವ್ವವೇ ಆಗಿರು! ನಮ್ಮಕ್ಕ ಇಲ್ಲಿ ಸಾಯ್ತಿದಾಳೆ. ಕೂತು ಎಣಿಸ್ತೀಯಲ್ಲ, ಯಾರನ್ನಾದರೂ ಕರೆಯೋ!”

“ಐದು… ಆರು.” ನಿಂತಿತು. ದಿನವೂ ನಿಲ್ಲುವಂತೆ ನಿಂತಿತು. ನಾನು ಮತ್ತೆ ಬೆಲ್ಲು ಕೊಡಲು ಕೈ ಎತ್ತಿದೆ. ಆಗ, ನನ್ನ ಕಿವಿಯ ಪಕ್ಕದಲ್ಲೇ ಕೂತು ಹೇಳಿದ ಹಾಗೆ, ಸ್ಪಷ್ಟವಾಗಿ ಕೇಳಿಸಿತು: “ಏಳು.”

ಕೈ ತಾನಾಗಿ ಬೆಲ್ಲು ಒತ್ತಿತು. ಆ ಕಡೆ ಫೋನು ಎತ್ತಿದ ಸದ್ದಾಯಿತು.

“ಯಾರದು?” ಮುದುಕನ ದನಿ, ನಡುಗುತ್ತಿತ್ತು. “ಮನಿಷ್ಯಾರ ಮಾತಾಡಾಕತ್ತೀರೋ, ಮತ್ತೇನರೇ ಅದೋ?”

“ಮನುಷ್ಯರೇ, ಮನುಷ್ಯರೇ! ಇದು ಬ್ಲಡ್ ಬ್ಯಾಂಕಾ?”

“ಎಲ್ಲಿ ಬ್ಯಾಂಕ್ ಯವ್ವಾ? ಇದು ಮಿಲ್ಲಿನ ಟೈಮ್ ಆಫೀಸು. ನಾ ವಾಚ್‌ಮನ್ ಮಲ್ಲಪ್ಪ. ಈ ಫೋನು ಸತ್ತು ಯಾವ ಕಾಲ ಆತು.”

ಏನಾಗಿದೆ ಎಂದು ಯೋಚಿಸುವ ಹೊತ್ತಲ್ಲ ಅದು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹಿಂದಿನ ಗೋಡೆಯ ಆಚೆ ಬ್ಲಡ್ ಬ್ಯಾಂಕು, ಸುಮಿತ್ರಾ ಎನ್ನುವ ಹೆಸರಿನ ಬಾಟಲಿ, ನಿಮಗೆ ಕೈ ಮುಗಿಯುತ್ತೇನೆ ಎಂದೆ. “ಕೈ ಗೀ ಮುಗೀಬ್ಯಾಡ ತಂಗಿ. ಗ್ವಾಡಿ ಬಾಜೂಕ ಐತಿ. ತರತೀನಿ, ಹೆದರಬ್ಯಾಡ” ಎಂದು ಆತ ಫೋನನ್ನು ಹಾಗೇ ಬಿಟ್ಟು ಓಡಿದ. ತೂಗಾಡುವ ಫೋನಿನೊಳಗಿಂದ ತಗಡಿನ ಮೇಲೆ ಮಳೆ ಸುರಿಯುವುದು ಕೇಳುತ್ತಿತ್ತು. ನಾನು ಆ ಮಳೆಯನ್ನೇ ಕೇಳುತ್ತ ಕೂತೆ. ಎಣಿಸುವ ದನಿ ಬರಲಿಲ್ಲ.

ಮಲ್ಲಪ್ಪ ಬಂದ. ಮಿಲ್ಲಿನ ಮುಂದಿನ ಗೇಟಿನ ಬೀಗ ತೆಗೆದು, ರಕ್ತದ ಬಾಟಲಿಯಿದ್ದ ಐಸಿನ ಡಬ್ಬವನ್ನು ತಲೆಯ ಮೇಲೆ ಹೊತ್ತು, ಎದೆಮಟ್ಟದ ನೀರಿನಲ್ಲಿ ರಸ್ತೆ ದಾಟಿ ಬಂದ. ಡಬ್ಬ ಮೇಲೆ ಹೋಯಿತು. ನಂದಿನಿ ಹುಟ್ಟಿದಳು. ಅಕ್ಕ ಉಳಿದಳು. ಅಷ್ಟು ಹೊತ್ತೂ ಬಾರದ ಅಳು ಆಗ ಬಂತು ನೋಡಿ, ಬೋರ್ಡಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ.

ಮಲ್ಲಪ್ಪನಿಗೆ ಆಯಾಗಳು ಒಣ ಬಟ್ಟೆ ಕೊಟ್ಟರು, ನಾನು ಚಹಾ ತರಿಸಿದೆ. ಬಿಜಾಪುರದ ಕಡೆಯವನು, ಮಿಲ್ಲು ಮುಚ್ಚಿದ ಮೇಲೂ ಕಾವಲಿಗೆ ಒಬ್ಬನೇ ಉಳಿದವನು. ಇಷ್ಟು ದಿನದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವಂತೆ, “ದಿನಾ ಫೋನಿನಲ್ಲಿ ಎಣಿಸ್ತಾ ಕೂತಿರ್ತಿದ್ದಿರಲ್ಲ, ಒಂದು ಸಲ ಮಾತಾಡಿದ್ದರೆ ಏನಾಗ್ತಿತ್ತು ಮಾರಾಯರೆ?” ಎಂದೆ.

ಮಲ್ಲಪ್ಪ ಕಪ್ಪು ಕೆಳಗಿಟ್ಟ. “ನಾನ? ಯವ್ವಾ, ನಾ ಅದನ್ನ ಇವತ್ತಿನ ತನಕಾ ಮುಟ್ಟೇ ಇಲ್ಲ. ದಿನಾ ಮುಂಜಾನೆ ಬಡಕೊಂತಿತ್ತು. ಸತ್ತ ಫೋನು ಬಡಕೊಂಡರ ಯಾರು ಎತ್ತತಾರ? ಹೊರಗ ಓಡಿಹೋಗಿ ಗಿಡದ ಕೆಳಗ ನಿಂದರತಿದ್ದೆ.”

“ಮತ್ತೆ ಇವತ್ತು ಹೇಗೆ ಎತ್ತಿದಿರಿ?”

“ಮಳಿ ಜೋರಿತ್ತು, ಊಟಾ ಮಾಡಿ ಅಲ್ಲೇ ಬೆಂಚಿನ ಮ್ಯಾಲ ಅಡ್ಡಾಗಿದ್ದೆ. ಬಡಕೊಂಡಿದ್ದೂ ಕೇಳಿಲ್ಲ ನನಗ. ಯಾರೋ ಕಿವ್ಯಾಗ ‘ಏಳು’ ಅಂದರು. ಎದ್ದೆ. ನೋಡತೀನಿ, ಯಾರೂ ಇಲ್ಲ. ಫೋನು ಬಡಕೊಳ್ಳಾಕತ್ತಿತ್ತು.”

ನಾನು ಕೇಳಿದ್ದು ಲೆಕ್ಕದ ಏಳು ಎಂದುಕೊಂಡಿದ್ದೆ. ಅದನ್ನು ಮಲ್ಲಪ್ಪನಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ನೀರು ಇಳಿದ ಮೇಲೆ, ಅಷ್ಟು ದಿನ ಬಾರದ ಕೋರ್ಟಿನ ಅಪ್ಪಣೆ ತಟ್ಟನೆ ಬಂತು. ಸಾವಂತ ಟೈಮ್ ಆಫೀಸಿನ ಪೆಟ್ಟಿಗೆ ತೆಗೆದು ನೋಡಿದರೆ, ಯಲ್ಲಪ್ಪ ಮೊದಲ ಜೋಡಿಯನ್ನೇ ಬ್ಲಡ್ ಬ್ಯಾಂಕಿಗೆ ಕೊಟ್ಟಿದ್ದ. ಸಾವಂತ ಹಿಡಿದ ಎರಡನೆಯ ಜೋಡಿ ಟೈಮ್ ಆಫೀಸಿನ ಹಳೆಯ ಫೋನಿಗೆ ಅಂಟಿಕೊಂಡೇ ಇತ್ತು. “ಮೊದಲನೆಯದ್ದನ್ನ ಅವನು ಕೂಗಲೇ ಇಲ್ಲ, ಲಾಂಬ್ ಲಾಂಬ್ ಅಂದ!” ಎಂದು ಸಾವಂತ ನನ್ನ ಮುಂದೆ ಹಾರಾಡಿದ. ಪಕ್ಕದಲ್ಲಿದ್ದ ಮಲ್ಲಪ್ಪ ಬಾಯಿ ತುಂಬ ನಕ್ಕುಬಿಟ್ಟ. “ಲಾಂಬ್ ಅಲ್ಲೋ ತಮ್ಮಾ, ಲಾಭ! ಕಾಳು ಅಳಿಯುವಾಗ ‘ಒಂದು’ ಅಂತ ಯಾರರೇ ಶುರು ಮಾಡತಾರೇನು? ಲಾಭ, ಎರಡು, ಮೂರು ಅನ್ನೂದು. ಅಂವಾ ಒಕ್ಕಲತನದವ, ತಂತೀನೂ ಹಂಗ ಎಣಿಸ್ಯಾನ.” ನಾನು ಅದನ್ನು ಸಾವಂತನಿಗೆ ಹಿಂದಿಯಲ್ಲಿ ಹೇಳಿದೆ. ಸಾವಂತ ಹಣೆ ಹಣೆ ಬಡಿದುಕೊಂಡ. ಅವನ ಅಜ್ಜಿಯೂ ಹಳ್ಳಿಯಲ್ಲಿ ಹಾಗೇ ಅಳೆಯುತ್ತಿದ್ದಳಂತೆ, ಅವನಿಗೆ ಆಗ ನೆನಪಾಯಿತಂತೆ. ಪುಣ್ಯಾತ್ಮ!

ನನಗೂ ನಗು ಬಂತು, ಹಾಗೇ ನಿಂತಿತು. ದಿನಾ ಕೇಳುತ್ತಿದ್ದ ಆ ಉಸಿರಿನಂಥ ಸದ್ದು ಏನೆಂದು ಹೊಳೆದಿತ್ತು. ಹಾಗಾದರೆ ಎಣಿಸುತ್ತಿದ್ದವನು ಯಲ್ಲಪ್ಪನೇ ಇರಬೇಕು, ಎಲ್ಲೋ ಪಕ್ಕದ ರಸ್ತೆಯಲ್ಲಿ ಕೆಲಸ ಮಾಡುತ್ತಿದ್ದನೇನೋ ಎಂದುಕೊಂಡೆ. ದೀಪಾವಳಿ ಕಳೆದು ಅವನು ಬಂದಾಗ ಮೊದಲು ಅದನ್ನೇ ಕೇಳಿದೆ. “ಇಲ್ಲರೀ ಅಕ್ಕಾರ, ನಾ ಊರಾಗ ಬಿತ್ತಾಕ ಹೋಗಿದ್ದೆನಲ್ಲ, ಈಗ ಬರಾಕತ್ತೀನಿ” ಎಂದ. ಅಷ್ಟರಲ್ಲಿ ಸ್ಟೆಪ್ನಿಯನ್ನು ಮೊದಲ ಜೋಡಿಗೆ ಬದಲಿಸಿ ಎಷ್ಟೋ ದಿನವಾಗಿತ್ತು. ಬೆಲ್ಲು ಕೊಟ್ಟ ಕೂಡಲೇ ಬ್ಲಡ್ ಬ್ಯಾಂಕಿನವರು ಎತ್ತುತ್ತಿದ್ದರು. ಎಷ್ಟು ಕಿವಿಗೊಟ್ಟರೂ ಬೇರೆ ದನಿ ಇರಲಿಲ್ಲ.

ಯಲ್ಲಪ್ಪ ಬರುವ ಮುಂಚೆಯೇ ನಾಮಕರಣ ವಿಕ್ರೋಳಿಯ ಕ್ವಾರ್ಟರ್ಸಿನಲ್ಲಿ ಆಗಿತ್ತು. ಸಾವಂತನ ಲಾಂಬ್-ಲಾಭದ ಫಜೀತಿಯನ್ನು ಅವತ್ತು ಅಕ್ಕನಿಗೆ ಹೇಳಿ ನಗಿಸಿದ್ದೆ. ಎಣಿಸುವ ದನಿಯ ಸುದ್ದಿ ಎತ್ತಲಿಲ್ಲ. ಬಾಣಂತಿ, ಇನ್ನೂ ಹಸಿ ಮೈ. ತೊಟ್ಟಿಲ ಬಳಿ ನೆರೆಮನೆಯ ಹೆಂಗಸೊಬ್ಬರು ಬಂದು, “ಇದೇ ಮೊದಲನೆಯದಾ?” ಎಂದರು. ಅಮ್ಮ ಮಾತು ಮರೆಸಲು ಬಾಯಿ ತೆರೆದಳು. ಅಕ್ಕ ತಡೆದಳು. “ಇಲ್ಲ, ಮೊದಲನೆಯದು ಲಾಭ. ಇದು ಎರಡು” ಎಂದಳು. ಆ ಹೆಂಗಸಿಗೆ ಅರ್ಥವಾಗಲಿಲ್ಲ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ವರ್ಷದ ಮೇಲಾಗಿತ್ತು, ಆ ಮಗು ಆ ಮನೆಯ ಲೆಕ್ಕಕ್ಕೆ ಬಂದದ್ದು ಅವತ್ತೇ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾವಿಬ್ಬರೇ ಉಳಿದೆವು. ಅಕ್ಕ ತೊಟ್ಟಿಲು ತೂಗುತ್ತ ಕೇಳಿದಳು:

“ಅವತ್ತು ನನಗೆ ಕಣ್ಣು ಕತ್ತಲು ಕಟ್ಟಿ ಬಂದಿತ್ತು ಕಣೇ. ಹಾಗೇ ಹೋಗಿಬಿಡ್ತೀನಿ ಅನ್ನಿಸ್ತು, ಹೋದರೂ ಸರಿ ಅನ್ನಿಸ್ತು. ಆಗ ನೀನು ಮೇಲೆ ಬಂದಿದ್ದೆಯಾ? ನನ್ನ ಕಿವಿ ಹತ್ತಿರ ‘ಏಳು’ ಅಂದಿದ್ದು ನೀನೇ ಅಲ್ವಾ?”

ಆ ಹೊತ್ತಿಗೆ ನಾನು ಕೆಳಗೆ ಮೆಟ್ಟಿಲ ಅಡಿಯಲ್ಲಿ, ತಲೆಗೆ ಹೆಡ್‌ಸೆಟ್ಟು ಬಿಗಿದುಕೊಂಡು ಕೂತಿದ್ದೆ. ಬಾಣಂತಿಯನ್ನು ಹೆದರಿಸಲು ಮನಸ್ಸು ಬರಲಿಲ್ಲ. “ಹೂಂ, ನಾನೇ” ಎಂದೆ.

ಅಕ್ಕ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು. “ಸುಳ್ಳಿ! ನೀನಾಗಿದ್ದರೆ ‘ಅಕ್ಕ’ ಅಂತ ಕರೀತಿದ್ದೆ. ಅದು ನನ್ನನ್ನ ‘ಅಮ್ಮ’ ಅಂತು” ಎಂದಳು.